ಯಜಮಾನರ ಎಡಗೈ

“ಜ್ವರ ಬಂದಿದೆ ಅಂತ ಹೇಳು,” ಎಂದರು ಒಟೂ. “ಮಲಗಿದಾರೆ, ಏಳೋಕಾಗಲ್ಲ ಅನ್ನು.”

ಹೋಟೆಲಿನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಈರುಳ್ಳಿ ಮೂಟೆಗಳ ನಡುವೆ ಹಾಕಿದ್ದ ಕುರ್ಚಿಯಲ್ಲಿ ಅವರು ಕೂತಿದ್ದರು. ಹೆಂಡತಿ ಅರಾಬಾ ಮಂಡಿಯೂರಿ ಅವರ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಳು. ಅವಳು ತಲೆ ಎತ್ತಲಿಲ್ಲ.

“ಬೆಳಿಗ್ಗೆಯಿಂದ ಬಾಗಿಲಲ್ಲಿ ಕೂತು ಊರಿಗೆಲ್ಲ ಮುಖ ತೋರಿಸಿದೀರಿ. ಈಗ ಜ್ವರ ಅಂದ್ರೆ ನಂಬೋಕೆ ಅವರೇನು ಬೆರಳು ಚೀಪೋ ಮಕ್ಕಳಾ? ಎಲ್ಮಿನಾದವರು ರೀ.”

“ಹಾಗಾದ್ರೆ ಊಟ ಆಗಿದೆ ಅನ್ನು.”

“ಗಂಡಿನ ಕಡೆಯವರು ಮೊದಲನೇ ಸಲ ಊಟಕ್ಕೆ ಬಂದಾಗ ಹುಡುಗಿ ಅಪ್ಪ ಮುಂಚೇನೇ ಉಂಡು ಕೈ ತೊಳ್ಕೊಂಡಿದ್ದ ಅಂತಲಾ? ಅದಕ್ಕಿಂತ ಬಾಗಿಲಿಗೆ ಬೀಗ ಹಾಕ್ಬಿಡಿ, ಮರ್ಯಾದೆಯಾಗಿರುತ್ತೆ.”

ಹೊರಗೆ ಅಂಗಳದಲ್ಲಿ ಇಬ್ಬರು ಆಳುಗಳು ಒರಳಿಗೆ ಒನಕೆ ಹಾಕುತ್ತಿದ್ದರು. ಬೇಯಿಸಿದ ಮರಗೆಣಸೂ ಬಾಳೆಕಾಯಿಯೂ ಸೇರಿ ನುಣ್ಣಗೆ ಫೂಫೂ ಮುದ್ದೆಯಾಗುವ ತನಕ ಆ ಸದ್ದು ನಿಲ್ಲುವುದಿಲ್ಲ. ನಮ್ಮ ಕೇಪ್ ಕೋಸ್ಟಿನಲ್ಲಿ ಅದನ್ನು ಕೇಳಿದರೆ ಹೊಟ್ಟೆ ತುಂಬಿದವನಿಗೂ ಹಸಿವಾಗುತ್ತದೆ. ಅವತ್ತು ಶನಿವಾರ, ಮೇಲಾಗಿ ವಿಶ್ವವಿದ್ಯಾಲಯದ ಪದವಿ ಪ್ರದಾನ. ಕಪ್ಪು ಗೌನು ತೊಟ್ಟ ಮಕ್ಕಳು, ಅವರನ್ನು ಓದಿಸಿದ ಅಜ್ಜಿ, ಚಿಕ್ಕಮ್ಮ, ಮಾವಂದಿರ ದಂಡು, ಕೋಟೆ ನೋಡಿಕೊಂಡು ಬಸ್ಸು ಇಳಿದ ಪ್ರವಾಸಿಗರು, ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವು. ‘ಕೈ ತೊಳೆದು ಬನ್ನಿ’ ಎಂಬ ಒಟೂ ಅವರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆ ಹೋಟೆಲಿಗೆ ಹೆಸರು ಬಂದದ್ದು ಸಾರಿನಿಂದ ಎಷ್ಟೋ, ಯಜಮಾನರ ಹಟದಿಂದಲೂ ಅಷ್ಟೇ. ಅಲ್ಲಿ ಎಡಗೈ ಮೇಜಿನ ಮೇಲೆ ಬರಕೂಡದು. ಬಡಿಸುವವರು ಎಡಗೈಯಲ್ಲಿ ನೀರಿನ ಲೋಟ ಕೊಟ್ಟರೆ ಒಟೂ ಸೌಟಿನಿಂದ ಗೆಣ್ಣಿಗೆ ತಟ್ಟುತ್ತಿದ್ದರು. ಬಲಗೈ ತುಂಬಿದ್ದು, ಬೇರೆ ದಾರಿಯಿಲ್ಲದೆ ಎಡಗೈಯಲ್ಲಿ ಏನಾದರೂ ಕೊಡಬೇಕಾಗಿ ಬಂದರೆ ನಮ್ಮ ಕಡೆ ‘ಎಡಗೈ, ಕ್ಷಮಿಸಿ’ ಎಂದು ಹೇಳಿ ಕೊಡುವುದುಂಟು. ಒಟೂ ಅದನ್ನೂ ಒಪ್ಪುತ್ತಿರಲಿಲ್ಲ. ಕ್ಷಮೆ ಕೇಳುವಷ್ಟು ಹೊತ್ತಿನಲ್ಲಿ ಬಲಗೈ ಖಾಲಿ ಮಾಡಿಕೊಳ್ಳಬಹುದಲ್ಲ ಎಂಬುದು ಅವರ ವಾದ. ಒಮ್ಮೆ ಪ್ರೊಫೆಸರೊಬ್ಬರು ಬಲಗೈಯಲ್ಲಿ ಪುಸ್ತಕ ಹಿಡಿದು ಎಡಗೈಯಲ್ಲಿ ಮೀನು ಮುರಿದದ್ದಕ್ಕೆ ಅವರನ್ನು ಊಟದ ನಡುವೆ ಎಬ್ಬಿಸಿ ಕಳಿಸಿದ್ದರು. ಪ್ರೊಫೆಸರು ಮಾರನೆಯ ದಿನ ಪುಸ್ತಕ ಮನೆಯಲ್ಲಿಟ್ಟು ಬಂದರು. ಸಾರು ಅಷ್ಟು ಚೆನ್ನಾಗಿತ್ತು.

ಹೋದ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಕಾಲು ನಿಧಾನವಾಗಿ ಸರಿಹೋಯಿತು, ಬಾಯಿಯೂ ನೆಟ್ಟಗಾಯಿತು. ಬಲಗೈ ಮಾತ್ರ ಮರಳಿ ಬರಲಿಲ್ಲ. ಅಂದಿನಿಂದ ದಿನಕ್ಕೆರಡು ಹೊತ್ತು ಅರಾಬಾ ಈ ಕೋಣೆಯ ಚಿಲಕ ಹಾಕಿ ಮಗುವಿಗೆ ಉಣ್ಣಿಸಿದ ಹಾಗೆ ಅವರಿಗೆ ಉಣ್ಣಿಸುತ್ತಿದ್ದಳು. ಎಡಗೈಯಲ್ಲಿ ತಿನ್ನಿ ಎಂದು ಒಂದೇ ಒಂದು ಸಲ ಹೇಳಿದ್ದಳು. ಒಟೂ ಅವತ್ತು ಇಡೀ ದಿನ ಅನ್ನ ನೀರು ಮುಟ್ಟಲಿಲ್ಲ. ಮತ್ತೆ ಅವಳು ಆ ಮಾತೆತ್ತಲಿಲ್ಲ. ಉಳಿದ ಹೊತ್ತೆಲ್ಲ ಅವರು ಬಲಗೈಯನ್ನು ಜೇಬಿನಲ್ಲಿ ತುರುಕಿಕೊಂಡು ಬಾಗಿಲ ಬಳಿ ಕೂತು ಬಂದವರಿಗೆ ತಲೆಯಾಡಿಸುತ್ತಿದ್ದರು. ಕೇಳಿದವರಿಗೆ ಭುಜದ ನೋವು ಎಂದು ಉತ್ತರ. ತನ್ನದೇ ಹೋಟೆಲು, ಸುತ್ತ ಊರೇ ಉಣ್ಣುತ್ತಿದೆ, ನಡುವೆ ಯಜಮಾನನೊಬ್ಬ ಹಸಿದು ಕೂತಿದ್ದಾನೆ. ಯಾರಿಗೆ ಹೇಳುವುದು ಇದನ್ನ?

ಮುಚ್ಚಿಡುವುದಕ್ಕೆ ಬರೀ ನಾಚಿಕೆಯೇ ಕಾರಣವಾಗಿರಲಿಲ್ಲ. ಮಗಳು ಎಕುವಾ ಪಕ್ಕದೂರು ಎಲ್ಮಿನಾದ ಫಿಫಿ ಎಂಬ ಹುಡುಗನನ್ನು ಮೆಚ್ಚಿದ್ದಳು. ವಿಶ್ವವಿದ್ಯಾಲಯದಲ್ಲಿ ಅವಳಿಗಿಂತ ಮುಂದೆ ಓದಿದವನು, ಈಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನನ್ನು ಬಿಟ್ಟು ಬೇರೆಯವರನ್ನು ಮದುವೆಯಾಗುವುದಿಲ್ಲ ಎಂದು ತಾಯಿಗೆ ನೇರವಾಗಿ ಹೇಳಿಬಿಟ್ಟಿದ್ದಳು. ನಮ್ಮಲ್ಲಿ ಸಂಬಂಧಕ್ಕೆ ಮುಂಚೆ ಎರಡು ಕಡೆಯವರೂ ಒಬ್ಬರ ಮನೆತನವನ್ನೊಬ್ಬರು ಜಾಲಾಡುತ್ತಾರೆ: ಹುಚ್ಚು ಉಂಟೇ, ಕಳ್ಳತನ ಉಂಟೇ, ಕೆಟ್ಟ ರೋಗ ಉಂಟೇ ಎಂದು. ಹಿಂದಿನ ಬೀದಿಯ ಹುಡುಗಿಯೊಬ್ಬಳಿಗೆ ಗೊತ್ತಾದ ಸಂಬಂಧ, ಅವಳ ಮನೆತನದಲ್ಲಿ ಯಾರಿಗೋ ಮೂರ್ಛೆರೋಗ ಇತ್ತೆಂದು ತಿಳಿದು ಮುರಿದುಬಿದ್ದಿತ್ತು. ಒಟೂ ಅವರ ತಾಯಿ ಸತ್ತದ್ದು ಲಕ್ವದಿಂದ. ಅಣ್ಣನೂ ಅದರಿಂದಲೇ. ಈಗ ಇವರ ಕೈ. ಎಲ್ಮಿನಾದವರಿಗೆ ಇಷ್ಟು ತಿಳಿದರೆ ಬೇರೇನೂ ಬೇಕಾಗಿರಲಿಲ್ಲ.

ಎಕುವಾ ಬಾಗಿಲು ತಳ್ಳಿ ಒಳಗೆ ಬಂದಳು. ಬೆಳಿಗ್ಗೆ ಪದವಿ ಪಡೆದ ಗೌನಿನಲ್ಲೇ ಇದ್ದಳು. ಬೆವರಿಗೆ ಅವಳ ಮುಖದ ಪೌಡರು ಕರಗಿತ್ತು.

“ಬಂದ್ರು. ಫಿಫಿ ಮಾವ, ಜೊತೆಗೆ ಇನ್ನಿಬ್ಬರು ಹಿರಿಯರು. ಅಪ್ಪ, ನೀನು ಸುಮ್ನೆ ಬಂದು ಕೂತ್ಕೋ ಸಾಕು. ಮಾತಾಡ್ತಾ ಇರು. ಮಾತಲ್ಲಿ ನಿನ್ನ ಮೀರಿಸೋರು ಯಾರಿದಾರೆ?”

“ಮಾತು ಮುಗಿದ ಮೇಲೆ?”

ಎಕುವಾ ಅಪ್ಪನ ಸತ್ತ ಕೈಯನ್ನು ತೆಗೆದು, ಮಡಿಲಿನಲ್ಲಿಟ್ಟು, ಹೊದ್ದ ಬಟ್ಟೆಯ ಸೆರಗನ್ನು ಅದರ ಮೇಲೆ ಎಳೆದಳು. ಹಬ್ಬದ ಬಟ್ಟೆ, ಎಡಹೆಗಲ ಮೇಲೆ ಹಾಕಿ ಬಲತೋಳು ಕಾಣುವಂತೆ ಉಡಬೇಕಾದದ್ದು. ಅರಾಬಾ ಅದನ್ನು ಚಳಿಗೆ ಹೊದ್ದವರ ಹಾಗೆ ಎರಡೂ ಹೆಗಲು ಮುಚ್ಚಿ ಸುತ್ತಿದ್ದಳು. ಹಿರಿಯರ ಮುಂದೆ ಹಾಗೆ ಹೆಗಲು ಮುಚ್ಚಿ ಕೂರುವುದು ಸೊಕ್ಕಿನ ಲಕ್ಷಣ. ಆದರೆ ಬೇರೆ ದಾರಿ ಇರಲಿಲ್ಲ.

ಅತಿಥಿಗಳಿಗೆಂದು ಸಮುದ್ರದ ಕಡೆಯ ಕಿಟಕಿಯ ಪಕ್ಕ ಒಂದು ಮೇಜು ಹಿಡಿದಿಟ್ಟಿದ್ದರು. ಒಟೂ ಅವರನ್ನು ಮೊದಲೇ ತಂದು ಕೂರಿಸಿದ್ದಾಯಿತು. ಫಿಫಿಯ ಸೋದರಮಾವ ಕ್ವೆಕು ಮಿಂಟಾ ದೋಣಿಗಳ ಯಜಮಾನ, ಅಲೆಯ ಸದ್ದನ್ನು ಮೀರಿ ಕೂಗಿ ಅಭ್ಯಾಸವಾದ ಗಂಟಲು. ಒಳಗೆ ಬಂದವನೇ ಹೆಗಲ ಬಟ್ಟೆ ಇಳಿಸಿ, ಕೈ ಚಾಚಿದ. ಎದ್ದರೆ ಮಡಿಲಿನ ಕೈ ಜಾರಿ ಕಾಣುತ್ತದೆಂದು ಒಟೂ ಕೂತಲ್ಲಿಂದಲೇ ತಲೆ ಬಾಗಿಸಿದರು. ಮಿಂಟಾನ ಕೈ ಗಾಳಿಯಲ್ಲಿ ನಿಂತೇ ಇತ್ತು. ಎಕುವಾ ನುಗ್ಗಿ ಬಂದು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಅಪ್ಪನಿಗೆ ಭುಜ ನೋವು, ಮಾವ. ರಾತ್ರಿಯೆಲ್ಲ ನಿದ್ದೆ ಇಲ್ಲ.”

“ಹೌದಾ?” ಎಂದ ಮಿಂಟಾ. ಹೆಗಲು ಮುಚ್ಚಿದ ಬಟ್ಟೆಯನ್ನೊಮ್ಮೆ ನೋಡಿ ಕೂತ. “ಇರಲಿ. ನಾವು ಉಣ್ಣೋಕೆ ಬಂದಿರೋದು, ಕುಸ್ತಿಗಲ್ಲ. ಅಲ್ಲ ಒಟೂ ಅವರೇ, ನಿಮ್ಮ ಊರವರು ಮನೇಲಿ ಪಾತ್ರೆ ಯಾಕೆ ಇಟ್ಕೋತಾರೋ ನಂಗೆ ತಿಳಿಯಲ್ಲ. ಊರಿಗೆ ಊರೇ ಹೋಟೆಲಲ್ಲಿ ಕೂತಿದೆ.”

“ಒಳ್ಳೇ ಮೀನೆಲ್ಲ ನಮಗೆ ಮಾರಿ ಮುಳ್ಳು ಮನೆಗೆ ಒಯ್ತೀರಿ,” ಎಂದರು ಒಟೂ. “ಅದನ್ನ ಬೇಯಿಸೋಕೆ ಪಾತ್ರೆ ಬೇಕಾಗಿರೋದು ನಿಮಗೆ.”

ಹಿರಿಯರಿಬ್ಬರೂ ನಕ್ಕರು. ಮಿಂಟಾ ಮೇಜು ಕುಟ್ಟಿ ನಕ್ಕ. ಫಿಫಿ ಮಾವನ ಪಕ್ಕ ಮೈ ಮುದುಡಿಕೊಂಡು ಕೂತಿದ್ದ; ಅವನ ಮುಖ ಸ್ವಲ್ಪ ಸಡಿಲಾಯಿತು. ಎಕುವಾ ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅರಾಬಾ.

“ಮನೇಲೇ ಊಟ ಅಂತ ಅಂದ್ರು ನಿಮ್ಮ ಹೆಂಗಸರು,” ಎಂದ ಮಿಂಟಾ. “ನಾನೇ ಬೇಡ ಅಂದೆ. ಒಟೂ ಹೋಟೆಲಲ್ಲಿ ಮರ್ಯಾದೆ ಅನ್ನೋದು ಇನ್ನೂ ಉಳಿದಿದೆಯಂತೆ, ಎಡಗೈಯವರಿಗೆ ಅಲ್ಲಿ ಊಟ ಇಲ್ವಂತೆ. ಅಂಥ ಜಾಗದಲ್ಲಿ ಉಣ್ಣೋಣ ಅಂದೆ. ಈಗಿನ ಕಾಲದಲ್ಲಿ ಯಾರಿದಾರೆ ಹೇಳಿ ಹಾಗೆ?”

ಒಟೂ ನಕ್ಕರು. ಎಡಗೈಯನ್ನೂ ಬಟ್ಟೆಯೊಳಗೆ ಎಳೆದುಕೊಂಡರು.

ಮನ್ಸಾ ಕೈತೊಳೆಯುವ ಬೋಗುಣಿ, ನೀರಿನ ಹೂಜಿ, ಸೋಪು ಹಿಡಿದು ಬಂದಳು. ಹೋಟೆಲು ತೆರೆದ ದಿನದಿಂದ ಅಲ್ಲಿ ಬಡಿಸುವವಳು ಆಕೆ, ಈಗ ಮೊಮ್ಮಕ್ಕಳಿದ್ದಾರೆ. ಮಿಂಟಾ ಬಲಗೈ ತೊಳೆದ, ಹಿರಿಯರು ತೊಳೆದರು, ಫಿಫಿ ತೊಳೆದ. ಆಮೇಲೆ ಮನ್ಸಾ ಬೋಗುಣಿಯನ್ನು ಯಜಮಾನರ ಮುಂದೆ ತರದೆ ಸುಮ್ಮನೆ ಒಳಕ್ಕೆ ಒಯ್ದಳು. ಇವಳಿಗೆ ಎಲ್ಲ ಗೊತ್ತು, ಮೊದಲಿನಿಂದಲೂ ಗೊತ್ತಿತ್ತು ಎಂದು ಒಟೂಗೆ ಆಗ ತಿಳಿಯಿತು.

ದೊಡ್ಡ ಮಣ್ಣಿನ ಬಟ್ಟಲು ಬಂತು. ಐದು ಜನರಿಗೆ ಒಂದೇ ಬಟ್ಟಲು: ನಡುವೆ ಮುದ್ದೆ, ಸುತ್ತ ಆಡಿನ ಮಾಂಸದ ಸಾರು, ಮೇಲೆ ಕೆಂಪು ಎಣ್ಣೆ. ಊಟಕ್ಕೆ ಕರೆದವನು ಮೊದಲ ತುತ್ತು ಬಾಯಿಗಿಟ್ಟುಕೊಳ್ಳಬೇಕು, ಆಮೇಲೆ ಅತಿಥಿಗಳು. ಕರೆದವನು ಮುಟ್ಟದ ಬಟ್ಟಲನ್ನು ನಮ್ಮಲ್ಲಿ ಭಿಕ್ಷುಕನೂ ಮುಟ್ಟುವುದಿಲ್ಲ. ನಾಲ್ಕು ಒದ್ದೆ ಬಲಗೈಗಳು ಮೇಜಿನ ಅಂಚಿನ ಮೇಲೆ ಕಾದವು.

ಒಟೂ ಮಾತಾಡಿದರು. ಈ ಆಡು ಯಾವ ಊರಿನದು, ಅದನ್ನು ಕೊಂಡಾಗ ಮಾರುವವನು ಹೇಗೆ ಮೋಸ ಮಾಡಲು ನೋಡಿದ, ಸಾರಿಗೆ ಮೆಣಸಿನಕಾಯಿ ಇಡೀ ಹಾಕಬೇಕೋ ಅರೆದು ಹಾಕಬೇಕೋ, ಎಲ್ಲ ಹೇಳಿದರು. ಮಿಂಟಾ ಹ್ಞೂಂಗುಟ್ಟಿದ. ಸಾರಿನ ಮೇಲಿನ ಎಣ್ಣೆ ಕೆನೆಗಟ್ಟಲು ಶುರುವಾಯಿತು. ಒಟೂ ಮೀನಿನ ದರದ ಬಗ್ಗೆ ಮಾತು ತೆಗೆದರು. ಮಿಂಟಾ ಹ್ಞೂಂಗುಟ್ಟುವುದನ್ನು ನಿಲ್ಲಿಸಿದ. ಹಿರಿಯರಲ್ಲೊಬ್ಬರು ತೊಳೆದ ಕೈಯನ್ನು ಮೆಲ್ಲಗೆ ಬಟ್ಟೆಗೆ ಒರೆಸಿಕೊಂಡರು.

“ಒಟೂ ಅವರೇ,” ಎಂದ ಮಿಂಟಾ. ದನಿ ಏರಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. “ಒಳಗೆ ಬಂದ್ರೆ ನೀವು ಏಳಲಿಲ್ಲ. ಕೈ ಕೊಟ್ರೆ ಹಿಡೀಲಿಲ್ಲ. ಹೆಗಲು ಮುಚ್ಕೊಂಡು ಕೂತಿದೀರಿ. ಈಗ ಸಾರು ಆರ್ತಾ ಇದೆ. ನಾವು ಮೀನುಗಾರರು, ನಮ್ಮ ಹುಡುಗ ನಿಮಗೆ ಸಾಲಲ್ಲ ಅಂತಿದ್ರೆ ಬಾಯಿ ಬಿಟ್ಟು ಹೇಳಿ. ಎದ್ದು ಹೋಗ್ತೀವಿ. ಬೇಜಾರಿಲ್ಲ.”

ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ಫಿಫಿ ಕತ್ತೆತ್ತಿ ಎಕುವಾಳನ್ನು ನೋಡಿದ. ಉಂಡರೂ ಕೆಟ್ಟಿತು, ಉಣ್ಣದಿದ್ದರೂ ಕೆಟ್ಟಿತು. ಒಟೂ ಅವರಿಗೆ ಮಿಂಟಾನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆಯೇ, ಈ ಹಾಳು ಕೈಯ ಮೇಲೆ, ಇಷ್ಟು ವರ್ಷ ಪ್ರೀತಿಯಿಂದ ಕಟ್ಟಿದ ಈ ಹೋಟೆಲಿನ ಮೇಲೆ ಸಿಟ್ಟು ಬಂತು.

“ಕೂತ್ಕೊಳ್ಳಿ,” ಎಂದರು.

ಬಟ್ಟೆಯ ಒಳಗಿಂದ ಎಡಗೈ ಹೊರಗೆ ತೆಗೆದರು. ಮೇಜಿನ ಮೇಲಿಟ್ಟರು.

“ಎಡಗೈ,” ಎಂದರು. “ಕ್ಷಮಿಸಿ.”

ಮುದ್ದೆಯ ಅಂಚನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ನುಂಗಿದರು. ಅಭ್ಯಾಸವಿಲ್ಲದ ಕೈ, ಅರ್ಧ ಸಾರು ಗಡ್ಡದ ಮೇಲೆ ಹರಿಯಿತು. ಪಕ್ಕದ ಮೇಜಿನ ಅಜ್ಜಿಯೊಬ್ಬಳು ಮೊಮ್ಮಗಳನ್ನು ಹೊಗಳುತ್ತಿದ್ದವಳು ಮಾತು ನಿಲ್ಲಿಸಿದಳು. ಇಂಥ ಹೊತ್ತಿನಲ್ಲಿ ನಮ್ಮೂರವರ ಕಣ್ಣು ತಮ್ಮ ತಟ್ಟೆಯ ಮೇಲಿರುವುದಿಲ್ಲ. ಒಂದು ಮೇಜಿನಿಂದ ಇನ್ನೊಂದಕ್ಕೆ ಮೌನ ಹಬ್ಬಿ, ಹೊರಗೆ ಒನಕೆಯ ಸದ್ದೊಂದೇ ಉಳಿಯಿತು.

ಮಿಂಟಾ ಮೇಜಿನ ಮೇಲೆ ಮುಂದಕ್ಕೆ ಬಾಗಿದ. “ಬಲಗೈ ಎಲ್ಲಿ?” ಎಂದ.

ಒಟೂ ಎಡಗೈಯಿಂದ ಬಲಗೈಯನ್ನು ಎತ್ತಿ, ಅಂಗಡಿಯವನು ತೂಕಕ್ಕೆ ಮೀನು ಇಟ್ಟ ಹಾಗೆ ಮೇಜಿನ ಮೇಲೆ ಇಟ್ಟರು.

“ಲಕ್ವನಾ?”

“ಹೌದು. ಹೋದ ಮಳೆಗಾಲದಲ್ಲಿ.”

“ನಿಮ್ಮ ತಾಯಿಗೂ ಇತ್ತಾ?”

ಅರಾಬಾ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಇಲ್ಲ ಎಂದರೆ ಮುಗಿಯುತ್ತಿತ್ತು. ಒಟೂ ಅವಳ ಕಡೆ ನೋಡಲಿಲ್ಲ. ಸುಳ್ಳು ಹೇಳಲು ಇನ್ನು ಅವರಲ್ಲಿ ತ್ರಾಣವಿರಲಿಲ್ಲ.

“ಇತ್ತು. ಅಣ್ಣನೂ ಇದರಲ್ಲೇ ಹೋದ.”

ಮಿಂಟಾ ಹಿರಿಯರಿಬ್ಬರ ಕಡೆ ಬಾಗಿದ. ಮೂವರೂ ಪಿಸುಗುಟ್ಟಿದರು. ಎಕುವಾಳ ಕೈ ಅಪ್ಪನ ಕುರ್ಚಿಯ ಬೆನ್ನನ್ನು ಹಿಡಿದಿತ್ತು. ಆಮೇಲೆ ಮಿಂಟಾ ನೆಟ್ಟಗೆ ಕೂತು, ತಲೆ ಕೊಡವಿ, ದೊಡ್ಡದಾಗಿ ನಕ್ಕ.

“ಇದನ್ನ ಮುಚ್ಚಿಡೋಕೆ ಇಷ್ಟು ಪಾಡು ಪಟ್ರಾ? ಅಯ್ಯೋ ಪುಣ್ಯಾತ್ಮ, ಕೈ ಜೊತೆ ಬುದ್ಧೀನೂ ಮರಗಟ್ಟಿತಾ ನಿಮಗೆ? ಹುಡುಗಿ ನಿಮ್ಮ ಮನೆತನದವಳಾ? ತಾಯಿ ಮನೆತನದವಳು. ಅರಾಬಾ ಅಮ್ಮನ ಕಡೆ ಎಲ್ಲ ವಿಚಾರಿಸಿ ಆಗಿದೆ. ಅವರ ತಾಯಿ ಈ ವಯಸ್ಸಲ್ಲೂ ತಲೆ ಮೇಲೆ ಬುಟ್ಟಿ ಹೊತ್ತು ಸಂತೆಗೆ ಹೋಗ್ತಾರೆ. ಅಷ್ಟು ಸಾಕು ನಮಗೆ. ನಿಮ್ಮ ರಕ್ತ ಏನಿದ್ರೂ ನಿಮ್ಮ ಅಕ್ಕನ ಮಕ್ಕಳದ್ದು. ನಿಮ್ಮ ಕಾಯಿಲೆ ಕಟ್ಕೊಂಡು ಎಕುವಾಗೆ ಏನಾಗಬೇಕು?”

“ನಿಜ, ನಿಜ,” ಎಂದರು ಹಿರಿಯರು.

ನಿಜವೇ. ನಮ್ಮ ಕಡೆ ಮೂಗು ಸುರಿಸುವ ಹುಡುಗನಿಗೂ ಇದು ಗೊತ್ತು. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಗಂಡಸಿನ ವಾರಸುದಾರ ಅವನ ಅಕ್ಕನ ಮಗ. ತಂದೆ ಹೆಸರಿಡುತ್ತಾನೆ, ಸಾಕುತ್ತಾನೆ, ಓದಿಸುತ್ತಾನೆ, ಅಷ್ಟೇ. ಒಟೂಗೆ ಇಷ್ಟು ದಿನ ಈ ಸರಳ ವಿಷಯ ಯಾಕೆ ಹೊಳೆಯಲಿಲ್ಲ? ಅರಾಬಾಳಿಗೆ ಯಾಕೆ ಹೊಳೆಯಲಿಲ್ಲ? ಆ ಮನೆಯಲ್ಲಿ ಎಕುವಾ ಅಪ್ಪನ ಮಗಳಾಗಿ ಬೆಳೆದಿದ್ದಳು. ಅವನ ನಗು, ಅವನ ಹಟ, ಅವನ ಹಾಗೆಯೇ ಸಾರಿಗೆ ಉಪ್ಪು ನೋಡುವ ನಾಲಿಗೆ. ತನ್ನ ಕೈಯ ಶಾಪ ಅವಳಿಗೂ ತಗಲುತ್ತದೆ ಎಂದು ಒಟೂ ಹೆದರಿದ್ದರು, ಯಾಕೆಂದರೆ ಅವಳು ತನ್ನವಳು ಎಂದುಕೊಂಡಿದ್ದರು.

ಎಕುವಾ ತಾಯಿಯ ಕಡೆ ಓಡಿದಳು. ಇಬ್ಬರೂ ತಬ್ಬಿಕೊಂಡು ಅತ್ತರು, ನಕ್ಕರು. ಅಜ್ಜಿಯೊಬ್ಬಳು ಚಪ್ಪಾಳೆ ತಟ್ಟಿದಳು. ಏನಾಯಿತೆಂದು ತಿಳಿಯದ ಪ್ರವಾಸಿಗರೂ ತಟ್ಟಿದರು. ಫಿಫಿ ಮುಖ ಒರೆಸಿಕೊಂಡ. ಒಟೂ ಅವರ ಎದೆಯಿಂದ ದೊಡ್ಡ ಭಾರ ಇಳಿಯಿತು. ಅದರ ಜಾಗದಲ್ಲಿ ಒಂದು ನೋವು ಬಂದು ಕೂತಿತು. ಸಂಬಂಧ ಮುರಿದಿದ್ದರೂ ಇಷ್ಟು ನೋಯುತ್ತಿತ್ತೋ ಇಲ್ಲವೋ ಎಂದು ಅವರಿಗೆ ಅನ್ನಿಸಿತು. ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

“ಸರಿ, ಹಸಿವು,” ಎಂದ ಮಿಂಟಾ. ಬಟ್ಟಲಿನ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮನ್ಸಾಳ ಕಡೆ ತಿರುಗಿ ದನಿ ತಗ್ಗಿಸಿದ. “ತಾಯೀ, ಇದು ಯಜಮಾನರಿಗೇ ಇ‌ರಲಿ. ಪಾಪ, ಆರಾಮಾಗಿ ಉಣ್ಲಿ ಅವರು. ನಮಗೆ ಬೇರೆ ಬಟ್ಟಲು ತಾ.”

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಮನ್ಸಾ ಆ ದೊಡ್ಡ ಬಟ್ಟಲನ್ನು ಒಟೂ ಅವರ ಮುಂದಕ್ಕೆ ಸರಿಸಿದಳು. ಅತಿಥಿಗಳಿಗೆ ಹೊಗೆಯಾಡುವ ಇನ್ನೊಂದು ಬಟ್ಟಲು ಬಂತು. ನಾಲ್ಕು ಬಲಗೈಗಳು ಒಟ್ಟಿಗೆ ಅದರೊಳಗಿಳಿದವು. ಮದುವೆಯ ದಿನ, ಹೆಂಡ ಕೊಟ್ಟು ಹೆಣ್ಣು ಕೇಳುವ ಶಾಸ್ತ್ರ, ಎಕುವಾಳ ಸೋದರಮಾವನಿಗೆ ಹೇಳಿಕಳಿಸುವುದು, ಎಲ್ಲ ಮಾತು ಆ ಬಟ್ಟಲಿನ ಸುತ್ತ ನಡೆಯಿತು. ಮಿಂಟಾ ಆಗಾಗ ತಲೆ ಎತ್ತಿ, “ಅಲ್ವಾ ಒಟೂ ಅವರೇ?” ಎನ್ನುತ್ತಿದ್ದ. ಒಟೂ ಹೌದು ಎನ್ನುತ್ತಿದ್ದರು. ಐದು ಜನರಿಗೆ ಬಡಿಸಿದ ಊಟದ ಮುಂದೆ ಒಬ್ಬರೇ ಕೂತಿದ್ದರು.

ಮನ್ಸಾ ಮತ್ತೆ ಬಂದಳು. ಪ್ರವಾಸಿಗರಿಗೆ ಅನ್ನ ತಿನ್ನಲೆಂದು ಇಟ್ಟಿದ್ದ ಫೋರ್ಕುಗಳಲ್ಲಿ ಒಂದನ್ನು ತೊಳೆದು ತಂದಿದ್ದಳು. ಅದರ ಜೊತೆ ಕೊಡುವ ಅಭ್ಯಾಸವಾಗಿದ್ದರಿಂದ ಕಾಗದದ ಕರವಸ್ತ್ರವನ್ನೂ ಬಾಟಲಿ ನೀರನ್ನೂ ತಂದು ಅವರ ಎಡಕ್ಕೆ ಇಟ್ಟಳು.

“ನಿಧಾನ ಯಜಮಾನ್ರೆ,” ಎಂದಳು. ಇಷ್ಟು ವರ್ಷದಲ್ಲಿ ಅವಳು ಅವರೊಡನೆ ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ.

ಒಟೂ ಎಡಗೈಯಲ್ಲಿ ಫೋರ್ಕು ಹಿಡಿದು ಮುದ್ದೆಗೆ ಚುಚ್ಚಿದರು. ಮುದ್ದೆ ಜಾರಿತು.

ಆಚೆ ಮೇಜಿನಲ್ಲಿ ಒಬ್ಬ ಬಿಳಿ ಹೆಂಗಸು ತನ್ನ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಗೈಡು ಹೇಳಿಕೊಟ್ಟ ಹಾಗೆ ಬಲಗೈಯ ಬೆರಳಿನಲ್ಲಿ ಮುದ್ದೆ ಮುರಿಯಲು ಒದ್ದಾಡುತ್ತಿದ್ದಳು. ಸಾರು ಮೊಣಕೈವರೆಗೆ ಇಳಿದಿತ್ತು. ಅವಳ ಕಣ್ಣು ಒಟೂ ಅವರ ಮೇಲೆ ಬಿತ್ತು. ಮುಖ ಅರಳಿತು. ಗೈಡಿಗೆ ಏನೋ ಹೇಳಿದಳು.

“ಅಕ್ಕಾ,” ಎಂದು ಗೈಡು ಮನ್ಸಾಳನ್ನು ಕರೆದ. “ಅವರಿಗೆ ಕೊಟ್ಟಿದೀರಲ್ಲ, ಅಂಥದ್ದೇ ಇವರಿಗೂ ಒಂದು ಬೇಕಂತೆ.”

ಮುದ್ದೆಗೆ ಫೋರ್ಕು ಕೇಳಿದ ಎಷ್ಟೋ ಜನರನ್ನು ಆ ಹೋಟೆಲು ಬರಿಗೈಯಲ್ಲೇ ಉಣ್ಣಿಸಿತ್ತು. ಮನ್ಸಾ ನಿಂತಲ್ಲೇ ನಿಂತು ಯಜಮಾನರ ಮುಖ ನೋಡಿದಳು.

“ಕೊಡು,” ಎಂದರು ಒಟೂ. ತಲೆ ತಗ್ಗಿಸಿ ಇನ್ನೊಮ್ಮೆ ಚುಚ್ಚಿದರು.